ಕೆಳಗಿನಿಂದ ಓದುವ ಅಕ್ಕನಿಗೆ

ಕಾಲೇಜ್ ಹಾಸ್ಟೆಲ್,
ಜುಲೈ ೬, ಭಾನುವಾರ

ನನ್ನ ಪ್ರೀತಿಯ ಅಕ್ಕ,

ನಾನಿಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡು, ಹೊತ್ತು ಮೀರಿ ನಿದ್ದೆ ಮಾಡಿಕೊಂಡು, ನೀನು ಬೈಯುವ ಹಾಗೆಯೇ ಇದ್ದೇನೆ. ಅಮ್ಮನ ಉಸಿರಾಟ ಹೇಗಿದೆ? ಹೊಸ ಮಾತ್ರೆ ನುಂಗಿಸುವಾಗ ಈಗಲೂ ನಿನ್ನ ಕೈ ಕಚ್ಚುತ್ತಾಳಾ?

ತಡವಾಯಿತು, ಗೊತ್ತು. ಹಿಂದಿನ ಭಾನುವಾರವೂ ಬರೆಯಲು ಕೂತಿದ್ದೆ. "ಪ್ರೀತಿಯ ಅಕ್ಕ" ಎಂದು ಬರೆದವಳು ಮುಂದಕ್ಕೆ ಹೋಗಲಾಗದೆ ಪೆನ್ನಿನ ಕ್ಯಾಪ್ ಕಚ್ಚಿ ಕಚ್ಚಿ ಹಾಳು ಮಾಡಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸ್ಕ್ರೀನ್ ಕಂಡರಾಗದು. "ಡಿಗ್ರಿ ಪೂರ್ತಿ ಅದರ ಮುಖಾನೇ ನೋಡಿ ಸಾಕಾಗಿದೆ ಕಣೇ, ನೀನಾದ್ರೂ ಕಾಗದ ಬರಿ" ಎಂದವಳು ನೀನು.

ಕಾಗದ ಬರೆಯುವುದು ನನಗೆ ಬರುತ್ತದೆ ಬಿಡು. ಆರನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲಿ ಕಲಿತ ವಿದ್ಯೆ ಅದೊಂದೇ. ನೆನಪಿದೆಯಾ, ನಮ್ಮ ವಾರ್ಡನ್ ಪ್ರತಿ ಭಾನುವಾರ ಎಲ್ಲರ ಕಾಗದ ಓದಿ, ಅದರಲ್ಲಿ ಅಳು ಇದ್ದರೆ ಹರಿದು, ನಗು ಇದ್ದರೆ ಸಹಿ ಹಾಕುತ್ತಿದ್ದರು. ಸಹಿ ಬಿದ್ದ ಮೇಲೆ, ಕವರ್ ಅಂಟಿಸುವ ಗಡಿಬಿಡಿಯಲ್ಲಿ, ನಾನು ಕೆಳಗೆ ಉಳಿದ ಜಾಗದಲ್ಲಿ ಇರುವೆಯಂಥ ಅಕ್ಷರದಲ್ಲಿ ನಿಜ ಬರೆಯುತ್ತಿದ್ದೆ. "ಜ್ವರ ಇದೆ." "ಇಲ್ಲಿಂದ ಕರ್ಕೊಂಡು ಹೋಗು." ಅದಕ್ಕೆ ನೀನು "ಬಾಲ" ಎಂದು ಹೆಸರಿಟ್ಟೆ, ನನಗೆ "ಬಾಲಂಗೋಚಿ" ಎಂದು. ಅಂದಿನಿಂದ ನೀನು ನನ್ನ ಕಾಗದಗಳನ್ನು ಕೆಳಗಿನಿಂದ ಮೇಲಕ್ಕೆ ಓದುವವಳು. ಈ ಸಲ ಕೆಳಗೆ ಹುಡುಕಬೇಡ. ಬಾಲ ಇಲ್ಲ. ಎಲ್ಲವನ್ನೂ ಮೇಲೆಯೇ ಹೇಳುತ್ತೇನೆ.

ಪ್ರ್ಯಾಕ್ಟಿಕಲ್ಸ್ ಅಂತ ಕಾಲೇಜಿನವರು ನನ್ನನ್ನು ಶನಿವಾರ ಶನಿವಾರ ಕಳಿಸುವ ಆಡಿಟ್ ಆಫೀಸಿಗೆ ನಿನ್ನ ಕೆಲಸದ ಅರ್ಜಿ ಬಂದಿದೆ. ನೀನು ಹಾಕುತ್ತೇನೆ ಅಂದಿದ್ದೆ, ಆದರೂ ನಿನ್ನ ಹೆಸರನ್ನು ಅಲ್ಲಿ ನೋಡಿದಾಗ ಎರಡೆರಡು ಸಲ ಓದಿಕೊಂಡೆ. ಆಫೀಸ್ ಎಂದರೆ ಬೀಗದ ಅಂಗಡಿಯ ಮೇಲಿನ ಒಂದೇ ಉದ್ದನೆಯ ರೂಮು. ಒಂದು ತುದಿಯಲ್ಲಿ ಗಾಜಿನ ಕ್ಯಾಬಿನ್, ಅದರ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಒಳಗೆ ಆಡಿದ್ದೆಲ್ಲ ಪ್ರಿಂಟರ್ ಪಕ್ಕದ ನನ್ನ ಕುರ್ಚಿಗೆ ಕೇಳುತ್ತದೆ. ಕಿವಿ ಮುಚ್ಚಿಕೊಂಡರೂ ಕೇಳುತ್ತದೆ ಅನ್ನು.

ಒಳಗೆ ಮಾತಾಡುವವರು ಇಬ್ಬರು. ಆಫೀಸಿನ ಯಜಮಾನರು, ಅವರನ್ನು ಎಲ್ಲರೂ ದೊಡ್ಡ ಸರ್ ಅನ್ನುತ್ತಾರೆ. ಇನ್ನೊಬ್ಬರು ಮ್ಯಾನೇಜರ್ ಮೇಡಂ. ಹೊರಗೆ ನನ್ನ ಎದುರು ಕೂರುವ ಸೀನಿಯರ್ ಅಸಿಸ್ಟೆಂಟ್‌ಗೆ ನಾನಿಟ್ಟ ಹೆಸರು "ಟೈ", ಯಾಕೆಂದರೆ ಫ್ಯಾನ್ ಕೆಟ್ಟ ದಿನವೂ ಅವನು ಅದನ್ನು ಬಿಚ್ಚಲಿಲ್ಲ. ಆನ್‌ಲೈನ್‌ನಲ್ಲಿ ಓದಿ ಪಾಸಾದವರಿಗೆ ಅವನು ಇಟ್ಟ ಹೆಸರು ಕೇಳು: "ಮ್ಯೂಟ್ ಪಾರ್ಟಿ". ಮೇಡಂ ಅರ್ಜಿಗಳನ್ನು ನೋಡುತ್ತಿದ್ದಾಗ ಅವನು ಕ್ಯಾಬಿನ್ನಿಗೆ ತಲೆ ಹಾಕಿ, ಈ ಸಲ ಮ್ಯೂಟ್ ಪಾರ್ಟಿ ಎಷ್ಟು ಜನ ಮೇಡಂ ಎಂದು ಕೇಳಿದ. ಮೇಡಂ ನಗಲಿಲ್ಲ. ನಕ್ಕಿದ್ದರೆ ನನಗೆ ಇಷ್ಟು ಟೆನ್ಷನ್ ಆಗುತ್ತಿರಲಿಲ್ಲ. ಅವರು ನಿಜಕ್ಕೂ ಯೋಚಿಸಿ ಹೇಳಿದರು:

"ಆನ್‌ಲೈನಲ್ಲಿ ಓದಿದೋರಿಗೆ ಲೆಕ್ಕ ಬರುತ್ತೆ, ಜನ ಬರಲ್ಲ."

ಅಂದರೆ, ಎದುರಿಗೆ ಕ್ಲೈಂಟ್ ಬಂದು ಕೂತು ಮೇಜು ಗುದ್ದಿದರೆ ಏನು ಮಾಡುತ್ತಾರೆ, ಕ್ಯಾಮೆರಾ ಆಫ್ ಮಾಡುತ್ತಾರಾ ಎಂದು ಅವರ ಪ್ರಶ್ನೆ. ಪಕ್ಕದಲ್ಲಿ ಕೂತು ಕೆಲಸ ಕಲಿತ ಅಭ್ಯಾಸವಿಲ್ಲ, ಪರೀಕ್ಷೆ ಬರೆದದ್ದು ಇವರೋ ಇವರ ಮಾವನ ಮಗನೋ ದೇವರಿಗೇ ಗೊತ್ತು ಎಂದರು. ದೊಡ್ಡ ಸರ್ ಅಷ್ಟು ಗಟ್ಟಿಯಿಲ್ಲ. ಒಂದೆರಡು ಪೇಪರ್ ಆನ್‌ಲೈನ್ ಆದರೆ ಈಗ ಯಾರೂ ಕೇಳುವುದಿಲ್ಲ, ಇಡೀ ಡಿಗ್ರಿ ಹಾಗಿದ್ದರೆ ಯೂನಿವರ್ಸಿಟಿ ಯಾವುದು, ಪರೀಕ್ಷೆ ಎಲ್ಲಿ ಕೂತು ಬರೆದರು ಅನ್ನುವುದನ್ನು ನೋಡಬೇಕು ಎಂದರು. ನೀನು ಸೆಂಟರ್‌ಗೆ ಹೋಗಿ ಬರೆದದ್ದನ್ನು ಅರ್ಜಿಯಲ್ಲಿ ಹಾಕಿದ್ದೀಯಲ್ಲ, ಅದರಿಂದಲೇ ಉಳಿದುಕೊಂಡೆ. ಬರುವ ಶನಿವಾರ ನಿನ್ನನ್ನು ಕರೆಯುತ್ತಾರೆ. ಇದು ನಾನು ಹೇಳಬಾರದ ಸುದ್ದಿ, ಆದರೂ ಹೇಳಿದೆ.

ನನಗೆ ಸಿಟ್ಟು ಬರುವುದು ಯಾಕೆ ಗೊತ್ತಾ? ನಮ್ಮ ಕಾಲೇಜಿನಲ್ಲೇ ಒಂದು ಪೇಪರ್‌ಗೆ ಮೇಷ್ಟ್ರಿಲ್ಲ. ಬೋರ್ಡಿನ ಮೇಲೆ ವಿಡಿಯೋ ಹಾಕಿ ಅಟೆಂಡರ್ ಹೊರಗೆ ಹೋಗುತ್ತಾನೆ. ನಾವು ಅರವತ್ತು ಜನ ಒಟ್ಟಿಗೆ ಕೂತು ನಿದ್ದೆ ಹೊಡೆಯುತ್ತೇವೆ. ಅದು ರೆಗ್ಯುಲರ್. ನೀನು ಅಮ್ಮನ ಮಂಚದ ಪಕ್ಕ ಕೂತು, ಎಚ್ಚರವಾಗಿದ್ದು ಕೇಳಿದೆ. ಅದು ಮ್ಯೂಟ್ ಪಾರ್ಟಿ.

ಅದಕ್ಕೇ ಕೊನೆಯ ಸಲ ಕೇಳುತ್ತೇನೆ. ಸರ್ಟಿಫಿಕೇಟ್‌ನಲ್ಲಿ ಎಲ್ಲೂ ಆನ್‌ಲೈನ್ ಎಂದು ಇಲ್ಲ. ಅರ್ಜಿಯಲ್ಲಿ ಮಾತ್ರ ನೀನಾಗಿ ಬರೆದೆ. ಯಾಕೆ ಬೇಕಿತ್ತು ನಿನಗೆ, ಕೊಡಲಿ ಸಿಕ್ಕಿದೆ ಅಂತ ಕಾಲಿನ ಮೇಲೆ ಹಾಕಿಕೊಳ್ಳುವ ಕೆಲಸ? ಇಂಟರ್ವ್ಯೂನಲ್ಲಾದರೂ ಅದನ್ನು ಎತ್ತಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಗೊತ್ತು. ಅಮ್ಮನಿಗೆ "ಮಾತ್ರೆ ಕಹಿ ಇಲ್ಲ" ಅನ್ನುವಾಗಲೂ ನಿನ್ನ ಧ್ವನಿ ಕೊನೆಯಲ್ಲಿ ಮೇಲಕ್ಕೇರಿ ಪ್ರಶ್ನೆಯಾಗಿಬಿಡುತ್ತದೆ. ಸುಳ್ಳು ಬೇಡ, ಸುಮ್ಮನಿರು, ಅಷ್ಟೇ.

ಇನ್ನು ನಮ್ಮಿಬ್ಬರ ವಿಷಯ. ನಾನು ನಿನ್ನ ತಂಗಿ ಎಂದು ಅಲ್ಲಿ ಯಾರಿಗೂ ಹೇಳಿಲ್ಲ. "ಅವರಾಗಿ ಕೇಳಿದ್ರೆ ನಾನೇ ಹೇಳ್ತೀನಿ, ಅಲ್ಲೀವರೆಗೂ ನೀನು ಬಾಯಿ ಬಿಡಬೇಡ, ಶಿಫಾರಸು ಅನ್ನಿಸಬಾರದು" ಅಂದಿದ್ದೀಯ. ಸರಿ. ಆ ಆಫೀಸಿನಲ್ಲಿ ಸಂಬಂಧಿಕರು ಇರಬಾರದು ಎಂದೇನಿಲ್ಲ, ಇದ್ದರೆ ಮೊದಲೇ ಹೇಳಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಚೆಕ್ ಮಾಡುವ ಕೆಲಸವಲ್ಲವಾ, ಒಂದೇ ಮನೆಯವರಾದರೆ ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ ಎಂದು ದೊಡ್ಡ ಸರ್ ವಾದ. ಟೈಯ ಭಾವಮೈದ ಅಲ್ಲೇ ಇದ್ದಾನೆ. ಹೇಳಿ ಸೇರಿದ, ಬೇರೆ ಮೇಜು ಕೊಟ್ಟರು, ಅಷ್ಟೇ.

ಮುಖ್ಯವಾದದ್ದನ್ನು ಮರೆಯುತ್ತಿದ್ದೆ. ಮಾತು ಶುರು ಮಾಡುವ ಮುಂಚೆ ನೀನು ಒಂದು ಕೇಳುತ್ತೀಯಲ್ಲ, "ಕೇಳಿಸ್ತಾ ಇದೆಯಾ?" ಎಂದು, ಕ್ಲಾಸಿನಲ್ಲಿ ಹತ್ತಿಸಿಕೊಂಡ ಚಟ. ಹೋದ ರಜೆಯಲ್ಲಿ ತರಕಾರಿಯವನಿಗೂ ಕೇಳಿದೆ, ಅವನು ಪಾಪ ಕಿವಿ ಮುಟ್ಟಿ ನೋಡಿಕೊಂಡ. ನಿನಗೆ ಕೈ ಮುಗಿಯುತ್ತೇನೆ, ಶನಿವಾರ ಮಾತ್ರ ಕೇಳಬೇಡ.

ಇಂಟರ್ವ್ಯೂ ಮುಗಿಸಿ ಮೂಲೆಯ ಟೀ ಅಂಗಡಿಗೆ ಬಾ. ನಾನು ಮಧ್ಯಾಹ್ನದ ಬ್ರೇಕ್‌ನಲ್ಲಿ ಅಲ್ಲೇ ಕಾಯುತ್ತಿರುತ್ತೇನೆ.

ಹಿರಿಯಳು ನೀನು, ಆದರೂ ಈ ಸಲ ಆಶೀರ್ವಾದ ಮಾಡುವ ಸರದಿ ನನ್ನದು. ಗೆದ್ದು ಬಾ.

ನಿನ್ನ
ಬಾಲಂಗೋಚಿ


ಕಾಲೇಜ್ ಹಾಸ್ಟೆಲ್,
ಜುಲೈ ೨೦, ಭಾನುವಾರ

ಪ್ರೀತಿಯ ಅಕ್ಕ,

ಬುಧವಾರ ನೀನು ಫೋನ್ ಮಾಡಿ "ಸಿಕ್ತು ಕಣೇ" ಎಂದಾಗ ನಾನು "ಕಂಗ್ರಾಟ್ಸ್" ಎಂದು ಇಟ್ಟುಬಿಟ್ಟೆ. ಕ್ಲಾಸ್ ಇದೆ ಅಂದೆನಲ್ಲ, ಕ್ಲಾಸ್ ಇರಲಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆ. ಅಷ್ಟು ದೊಡ್ಡ ಸುದ್ದಿಗೆ ಅಷ್ಟು ಚಿಕ್ಕ ಮಾತಾಡಿದ್ದಕ್ಕೆ ಕ್ಷಮಿಸು. ಅಮ್ಮನಿಗೆ ಹೇಳಿದಾಗ ಏನೆಂದಳು? ಚಿಕ್ಕಮ್ಮ ಮನೆಗೆ ಬಂದಿರಲು ಒಪ್ಪಿದಳಾ? ಅವಳ ಗೊರಕೆಗೆ ಅಮ್ಮ ಹೇಗೆ ಹೊಂದಿಕೊಳ್ಳುತ್ತಾಳೋ.

ಆ ಶನಿವಾರ ನಿನಗೆ ಕಂಡದ್ದು ಕ್ಯಾಬಿನ್ನಿನ ಒಳಗಿನದು. ಹೊರಗೆ ಕೂತವಳಿಗೆ ಏನೇನು ಕಂಡಿತು, ಕೇಳಿತು ಎಂದು ಹೇಳುತ್ತೇನೆ.

ನಿನ್ನ ಮುಂಚೆ ಒಳಗೆ ಹೋದವನು ನಮ್ಮ ಕಾಲೇಜಿನ ಹಳೇ ಸ್ಟೂಡೆಂಟ್. ಕೂರುವ ಮುಂಚೆಯೇ ಕೈ ಕುಲುಕಿ, ಮೇಡಂ ಯಾವ ಕಾಲೇಜ್ ಎಂದು ಅವನೇ ವಿಚಾರಿಸಿ, ನಗಿಸಿ, ಅರ್ಧ ಗೆದ್ದು ಹೊರಬಂದ. ಬಿಲ್ಲುಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವ ಟೆಸ್ಟ್ ಕೊಟ್ಟರಲ್ಲ, ಅದನ್ನೂ ಚೆನ್ನಾಗಿಯೇ ಮಾಡಿದ್ದ. ಟೈ ನನ್ನ ಕಡೆ ಬಗ್ಗಿ, ಮುಗೀತು, ಇವನೇ ಎಂದ. ಆಗ ನೀನು ಮೆಟ್ಟಿಲು ಹತ್ತಿ ಬಂದೆ. ಅಮ್ಮನ ಬೂದು ಬಣ್ಣದ ಸ್ವೆಟರ್ ಹಾಕಿದ್ದೆ. ನನ್ನನ್ನು ನೋಡಿದೆ, ನೋಡದವಳ ಹಾಗೆ ದಾಟಿದೆ. ಅದು ನಮ್ಮ ಒಪ್ಪಂದವೇ ಆಗಿತ್ತು. ಆದರೂ ನನ್ನ ಕೈಯಲ್ಲಿದ್ದ ಕಾಗದಗಳು ಪ್ರಿಂಟರಿನ ಟ್ರೇಗೆ ಸರಿಯಾಗಿ ಕೂರಲಿಲ್ಲ.

ನೀನು ಕುರ್ಚಿಯ ತುದಿಗೆ ಕೂತೆ. ಮೇಡಂ ನಿನ್ನ ಬಗ್ಗೆ ಹೇಳಿ ಎಂದರು. ನೀನು ಬಾಯಿ ತೆರೆದೆ.

"ನನ್ನ ಧ್ವನಿ ಕೇಳಿಸ್ತಾ ಇದೆಯಾ?"

ಅಕ್ಕಾ, ನಡುವೆ ಇದ್ದದ್ದು ಒಂದು ಮೇಜು. ದೊಡ್ಡ ಸರ್ ನಕ್ಕುಬಿಟ್ಟರು, ಮೇಡಂ ಪೆನ್ನು ಕೆಳಗಿಟ್ಟರು. ಹೊರಗೆ ಟೈ ಕಿವಿಗೆ ಕೈ ಇಟ್ಟು "ಹಲೋ, ಹಲೋ, ನೆಟ್‌ವರ್ಕ್ ಇಲ್ಲ" ಎಂದು ನನ್ನನ್ನು ನಗಿಸಲು ನೋಡಿದ. ನನಗೆ ಅವನ ಟೈಯನ್ನು ಪ್ರಿಂಟರಿಗೆ ಸಿಕ್ಕಿಸುವ ಮನಸ್ಸಾಯಿತು. ನಿನ್ನ ಕತ್ತಿನ ಹಿಂಭಾಗ ಕೆಂಪಾದದ್ದು ಗಾಜಿನಲ್ಲಿ ನನಗೆ ಕಾಣುತ್ತಿತ್ತು. ಎದ್ದು ಬಂದುಬಿಡುತ್ತೀಯ ಅಂದುಕೊಂಡೆ.

ನೀನು ಎದ್ದು ಬರಲಿಲ್ಲ. ಅಭ್ಯಾಸ ಮೇಡಂ, ನಾನು ಓದಿದ್ದು ಹಾಗೆ ಎಂದು ನೀನೇ ಶುರು ಮಾಡಿದೆ. ಆ ವಿಷಯ ಎತ್ತಬೇಡ ಎಂದು ನಾನು ಅಷ್ಟು ಬೇಡಿಕೊಂಡಿದ್ದೆ. ಹೋಯಿತು ಎಂದುಕೊಂಡೆ.

ಆಮೇಲೆ ಮೇಡಂ ನಿನ್ನ ಎದುರು ಕ್ಲೈಂಟ್ ಆಗಿ ನಟಿಸಿದರಲ್ಲ. ಅದು ಎಲ್ಲರಿಗೂ ಮಾಡುವುದಲ್ಲ, ಆ ಹುಡುಗನಿಗೆ ಮಾಡಿರಲಿಲ್ಲ. "ಮ್ಯೂಟ್ ಪಾರ್ಟಿ"ಗೆ ಅಂತಲೇ ಎತ್ತಿಟ್ಟಿದ್ದು ಇರಬೇಕು. ನಮ್ಮ ಬಿಲ್ ಯಾಕೆ ಲೆಕ್ಕಕ್ಕೆ ತಗೊಂಡಿಲ್ಲ, ದುಡ್ಡು ತಗೊಳಕ್ಕೆ ಮಾತ್ರ ಬರುತ್ತಾ ನಿಮಗೆ ಎಂದು ಮೇಜು ಗುದ್ದಿ ಕೂಗಿದರು. ಹೊರಗಿನ ನಾವೆಲ್ಲ ಕೆಲಸ ನಿಲ್ಲಿಸಿದೆವು. ನೀನು ಮಧ್ಯದಲ್ಲಿ ಒಂದು ಮಾತೂ ಆಡಲಿಲ್ಲ. ಅವರು ಕೂಗಿ ಕೂಗಿ ನೀರು ಕುಡಿಯುವವರೆಗೂ ಮುಖ ನೋಡುತ್ತಾ ಕೂತಿದ್ದು, ಕೊನೆಗೆ, "ನಿಮ್ಮದು ಮುಗೀತಾ ಮೇಡಂ, ಈಗ ನಾನು ಹೇಳ್ಲಾ?" ಎಂದೆ. ಅದೂ ಆನ್‌ಲೈನ್ ಕ್ಲಾಸಿನ ಚಟವೇ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದೂ ಕೇಳುವುದಿಲ್ಲ ಎಂದು ನೀನು ನನಗೆ ಎಷ್ಟು ಸಲ ಹೇಳಿಲ್ಲ. ಮೇಡಂಗೆ ಅದು ಇಷ್ಟವಾಯಿತೋ ಸಿಟ್ಟು ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ.

ದೊಡ್ಡ ಸರ್ ಮಾತ್ರ ನಿನ್ನ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬರೆಯದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಯಾಕೆ ಬರೆದಿರಿ ಎಂದರು. ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ.

"ಅಮ್ಮನ್ನ ಬಿಟ್ಟು ಹೋಗೋ ಹಾಗಿರಲಿಲ್ಲ ಸರ್. ಆನ್‌ಲೈನ್ ಇಲ್ದೇ ಇದ್ರೆ ನನಗೆ ಓದೇ ಇಲ್ಲ. ಅದನ್ನ ಮುಚ್ಚಿಟ್ರೆ ಓದಿದ್ದನ್ನೇ ಮುಚ್ಚಿಟ್ಟ ಹಾಗಾಗುತ್ತೆ."

ಟೈ ಕೂಡ ತಲೆ ಎತ್ತಿದ. ಆಮೇಲೆ ಇನ್ನೂ ಒಂದೆರಡು ಕೇಳಿದರು, ನೀನು ಉತ್ತರ ಹೇಳಿದೆ, ಅದು ಇರಲಿ.

ನೀನು ಹೋದ ಮೇಲೆ ಒಳಗೆ ದೊಡ್ಡ ವಾದವೇ ನಡೆಯಿತು. ಮೇಡಂಗೆ ಆ ಹುಡುಗನೇ ಬೇಕಿತ್ತು. ಅವನು ನಾಳೆಯಿಂದಲೇ ಕ್ಲೈಂಟ್ ಹತ್ತಿರ ಹೋಗಿ ಬರುತ್ತಾನೆ, ಇವಳಿಗೆ ಎಲ್ಲಾ ಮೊದಲಿಂದ ಕಲಿಸಬೇಕು, ಕಲಿಸುವವಳು ನಾನು, ನೀವಲ್ಲ ಎಂದರು. ಅವರು ಹೇಳುವುದರಲ್ಲೂ ನ್ಯಾಯ ಇದೆ ಅಕ್ಕ, ಈ ಆಫೀಸಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲದವರು ಅವರೊಬ್ಬರೇ. ದೊಡ್ಡ ಸರ್ ಕೊನೆಗೆ ಹೇಳಿದ್ದು ಇದು: "ಲೆಕ್ಕ ಕಲಿಸ್ಬಹುದು, ಜನಾನೂ ಕಲಿಸ್ಬಹುದು. ಕೇಳೋ ಮುಂಚೆ ತನಗೆ ನಷ್ಟ ಆಗೋದನ್ನ ತಾನೇ ಹೇಳೋದು, ಅದನ್ನ ಯಾರು ಕಲಿಸ್ತಾರೆ?"

ಮೂರು ತಿಂಗಳು ನೋಡೋಣ, ಅದರ ಮೇಲೆ ನಿಮ್ಮ ಇಷ್ಟ ಎಂದು ಮೇಡಂ ಎದ್ದರು. ಹೊರಗೆ ಬಂದು ನನಗೇ ಹೇಳಿದರು, ಒಂದನೇ ತಾರೀಖಿನಿಂದ ಕಿಟಕಿ ಪಕ್ಕದ ಮೇಜು ಕ್ಲೀನ್ ಮಾಡಿಸಿ, ಒಬ್ಬರು ಬರುತ್ತಾರೆ ಎಂದು. ನಾನೇ ಒರೆಸಿದೆ. ಡ್ರಾಯರ್‌ನಲ್ಲಿ ಯಾರದೋ ಒಂದು ಗಾಜಿನ ಬಳೆ, ಒಣಗಿದ ಗಮ್ ಬಾಟಲಿ ಇದ್ದವು. ತೆಗೆದು ಹಾಕಿದೆ. ಕುರ್ಚಿಯ ಒಂದು ಕಾಲು ಗಿಡ್ಡ, ರಟ್ಟು ಮಡಚಿ ಇಟ್ಟಿದ್ದೇನೆ. ನೀನು ತುದಿಯಲ್ಲಿ ಕೂರಬೇಡ, ಮಗುಚುತ್ತದೆ.

ನಮ್ಮ ಮನೆಯಲ್ಲಿ ಮೊದಲ ಸಲ ಒಬ್ಬರು ಲೆಕ್ಕ ಓದಿ ಲೆಕ್ಕದ ಕೆಲಸಕ್ಕೆ ಸೇರುತ್ತಿದ್ದಾರೆ. ಅದೂ ಬಾಗಿಲಿನಲ್ಲೇ ತನ್ನ ಕೊರತೆ ಹೇಳಿಕೊಂಡು. ನನಗೆ ಹೆಮ್ಮೆಯಾಗಿದೆ. ಅಮ್ಮನಿಗೆ ನನ್ನ ಮುತ್ತು ಕೊಡು. ನಿನಗೆ ಒಳ್ಳೆಯದೇ ಆಗಲಿ, ಆ ಮೇಜು ನಿನ್ನದಾಗಿಯೇ ಉಳಿಯಲಿ.

ನಿನ್ನ
ಬಾಲಂಗೋಚಿ

ಬಾಲ: ಅದು ಇರಲಿ ಎಂದು ದಾಟಿಸಿದೆನಲ್ಲ, ಆ ಪ್ರಶ್ನೆ. ನಮ್ಮ ಆಫೀಸಿನಲ್ಲಿ ನಿಮ್ಮ ಕಡೆಯವರು, ಸಂಬಂಧಿಕರು ಯಾರಾದರೂ ಇದ್ದಾರಾ ಎಂದು ದೊಡ್ಡ ಸರ್ ಕೇಳಿದರು. ಅವರಾಗಿಯೇ ಕೇಳಿದರು. ನಾನು ಟೆಸ್ಟ್ ಪೇಪರ್ ತೆಗೆದುಕೊಳ್ಳಲು ಬಾಗಿಲಿಗೆ ಬಂದಿದ್ದೆ, ನಗಲು ತಯಾರಾಗಿದ್ದೆ. ನೀನು ನನ್ನನ್ನು ನೋಡಿಕೊಂಡೇ ಹೇಳಿದೆ, "ಇಲ್ಲ ಸರ್, ನನಗೆ ಯಾರೂ ಇಲ್ಲ."

ಟೀ ಅಂಗಡಿಯಲ್ಲಿ ಕಾದೆ. "ಬಸ್ ಹತ್ತಿದೆ, ಅಮ್ಮ ಒಬ್ಬಳೇ" ಎಂದು ಮೆಸೇಜ್ ಬಂತು.

ಯಾಕೆ ಹಾಗೆ ಹೇಳಿದೆ ಎಂದು ಎಲ್ಲ ಕಡೆಯಿಂದ ಯೋಚಿಸಿದೆ. ನನ್ನ ಪ್ರ್ಯಾಕ್ಟಿಕಲ್ಸ್‌ಗೆ ತೊಂದರೆಯಾಗದಿರಲಿ ಎಂದಿರಬಹುದು. ಅವರು ನಕ್ಕ ಮೇಲೆ ನನಗೂ ಅವಮಾನವಾಗದಿರಲಿ ಎಂದಿರಬಹುದು. ಹೆದರಿಕೆಗೆ ಬಾಯಿಗೆ ಬಂದದ್ದೂ ಇರಬಹುದು. ಸುಳ್ಳಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ ಅಕ್ಕ. ನಿನ್ನ ಧ್ವನಿ ಕೊನೆಯಲ್ಲಿ ಮೇಲೇರಲಿಲ್ಲ. ಅಮ್ಮನ ಜೊತೆ ನೀನೊಬ್ಬಳೇ ಇದ್ದ ಅಷ್ಟು ವರ್ಷ ನಾನು ಹಾಸ್ಟೆಲ್‌ಗಳಲ್ಲಿ ಇದ್ದೆ. ರಜೆಗೆ ಬರುತ್ತಿದ್ದೆ, ನೆಂಟರ ಹಾಗೆ. ಆರು ವರ್ಷದವಳನ್ನು ಕಳಿಸಿದ್ದು ನಾನು ಕೇಳಿ ಅಲ್ಲ. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡದ್ದೂ ನೀನು ಕೇಳಿ ಅಲ್ಲ.

ಒಂದನೇ ತಾರೀಖಿಗೆ ಮುಂಚೆ ದೊಡ್ಡ ಸರ್‌ಗೆ ನಿಜ ನೀನೇ ಹೇಳು. ಅವರು ನಿನ್ನನ್ನು ತೆಗೆದುಕೊಂಡದ್ದು ಯಾವುದಕ್ಕೆ ಎಂದು ಮೇಲೆ ಬರೆದಿದ್ದೇನೆ. ಕೆಲಸ ಹೋದರೂ ಹೋಗಬಹುದು, ಅದು ನನಗೆ ಗೊತ್ತಿದ್ದೇ ಹೇಳುತ್ತಿದ್ದೇನೆ. ನಾನು ಹೇಳುವುದಿಲ್ಲ. ಆದರೆ ಆ ಮೇಜಿನ ಎದುರು ಶನಿವಾರ ಶನಿವಾರ ಯಾರೂ ಅಲ್ಲದವಳಾಗಿ ಕೂರಲು ನನ್ನಿಂದಾಗದು. ನಿನಗೆ ನಾನು ಯಾರು ಎಂದು ಅವರಿಗೆ ಹೇಳುವ ಮುಂಚೆ ನನಗೆ ಒಂದು ಸಲ ಹೇಳು.

ನೀನು ಇದನ್ನೇ ಮೊದಲು ಓದಿರುತ್ತೀಯ. ಈಗ ಮೇಲಕ್ಕೆ ಹೋಗು. ಅಲ್ಲಿರುವ ಹೆಮ್ಮೆ ವಾರ್ಡನ್‌ಗೆ ತೋರಿಸಲು ಬರೆದದ್ದಲ್ಲ.